ಸ್ಪ್ಯಾನಿಷ್ ಕಲಿಯುವಾಗ ಇಂಗ್ಲಿಷ್ ಎಲ್ಲಿ ಅಡ್ಡ ಬರುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಬ್ಯಾಡಗಿ. ಮನೆಯಲ್ಲಿ ಒಣ ಮೆಣಸಿನಕಾಯಿ ವ್ಯಾಪಾರ. ಮೆಕ್ಸಿಕೋದ ಒಬ್ಬ ಗಿರಾಕಿ ಜೊತೆ ಮಾತುಕತೆ ನಡೆದಿದೆ. ಅದಕ್ಕೇ ನಾನು ಮೊಬೈಲ್ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿಯಲು ಶುರು ಮಾಡಿದ್ದೇನೆ. ಆ್ಯಪ್ ಎಲ್ಲವನ್ನೂ ಇಂಗ್ಲಿಷ್ ಮೂಲಕ ಹೇಳಿಕೊಡುತ್ತದೆ. ನನ್ನ ಗೊಂದಲ ಇವು. ಮೇಜು ಹೆಣ್ಣು, ಪುಸ್ತಕ ಗಂಡು ಯಾಕೆ? ‘ಲಾ’ ಅಂದರೆ ಇಂಗ್ಲಿಷಿನ ‘ದಿ’ ಅಂತ ಕಲಿತೆ, ಆದರೆ ‘ಲಾ ಬೇಓ’ ಅಂತಲೂ ಬರುತ್ತದಲ್ಲ, ಅಲ್ಲಿ ‘ಲಾ’ ಏನು? ಪ್ರತಿ ವಾಕ್ಯಕ್ಕೂ ‘ಯೋ’ ಹಚ್ಚಿದರೆ ತಪ್ಪು ಅನ್ನುತ್ತಾರೆ, ಯಾಕೆ? ‘ಮೆ ಗುಸ್ತಾ’ದಲ್ಲಿ ‘ನಾನು’ ಎಲ್ಲಿ ಹೋಯಿತು? ಕೊನೇದು, ಗಿರಾಕಿಗೆ ‘ತು’ ಅನ್ನಬೇಕೋ ‘ಉಸ್ತೆದ್’ ಅನ್ನಬೇಕೋ?

ಉತ್ತರ: ನಿಮ್ಮ ಐದು ಪ್ರಶ್ನೆಗಳಲ್ಲಿ ನಾಲ್ಕು ಹುಟ್ಟಿದ್ದು ಇಂಗ್ಲಿಷ್ ಮೂಲಕ ಕಲಿಯಲು ಹೋಗಿದ್ದರಿಂದ. ಮೇಜಿನ ಲಿಂಗದ್ದೊಂದೇ ಸ್ಪ್ಯಾನಿಷ್‌ನ ಸ್ವಂತ ತಾಪತ್ರಯ. ಸರ್ವನಾಮಗಳ ವಿಷಯಕ್ಕೆ ಬಂದರೆ ಕನ್ನಡದ ರೀತಿಯೂ ಸ್ಪ್ಯಾನಿಷ್‌ನ ರೀತಿಯೂ ಬಹಳ ಹತ್ತಿರ. ಇಂಗ್ಲಿಷ್ ಮನೆಮಾತಾದವರು ತಿಂಗಳುಗಟ್ಟಲೆ ಒದ್ದಾಡುವ ಜಾಗ ನಿಮಗೆ ಸಲೀಸು. ಆರ್ಟಿಕಲ್, ಅಂದರೆ ಇಂಗ್ಲಿಷಿನ ‘ದಿ’, ‘ಎ’ ತರಹ ನಾಮಪದಕ್ಕೆ ಹಚ್ಚುವ ಪದ, ಅದರ ವಿಷಯದಲ್ಲಿ ಮಾತ್ರ ಕನ್ನಡವೂ ಪೂರ್ತಿ ಜೊತೆಗೆ ಬರುವುದಿಲ್ಲ. ಅಲ್ಲಿ ಬಾಯಿಪಾಠವೇ ಗತಿ.

ಮೊದಲೇ ಒಂದು ಮಾತು. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಮೆಕ್ಸಿಕೋದವರ ಬಾಯಲ್ಲಿ ಕೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಇಂಗ್ಲಿಷಿನ ‘ಟ’, ‘ಡ’ ತರಬೇಡಿ, ನಮ್ಮ ‘ತ’, ‘ದ’ ಸಾಕು. ಬರವಣಿಗೆಯಲ್ಲಿ ‘ವಿ’ ಅಕ್ಷರ ಕಂಡರೂ ಉಚ್ಚಾರ ‘ಬ’. ‘ಹೆಚ್’ ಅಕ್ಷರಕ್ಕೆ ಧ್ವನಿಯೇ ಇಲ್ಲ. ಕನ್ನಡದಲ್ಲಿ ಬರೆದಾಗ ಒಂದು ವಿಷಯ ಮಾತ್ರ ಕಾಣದೆ ಹೋಗುತ್ತದೆ, ಅಕ್ಷರದ ತಲೆ ಮೇಲಿನ ಗೀಟು. ಗೀಟಿಲ್ಲದ ‘ಎಲ್’ ಆರ್ಟಿಕಲ್, ಗೀಟಿರುವ ‘ಎಲ್’ ಅಂದರೆ ‘ಅವನು’. ಗೀಟಿಲ್ಲದ ‘ತು’ ‘ನಿನ್ನ’, ಗೀಟಿರುವ ‘ತು’ ‘ನೀನು’. ಗೀಟಿಲ್ಲದ ‘ತೆ’ ‘ನಿನ್ನನ್ನು’ ಅಥವಾ ‘ನಿನಗೆ’, ಗೀಟಿರುವ ‘ತೆ’ ಕುಡಿಯುವ ಚಹಾ. ಕೇಳಲು ಎರಡೂ ಒಂದೇ. ಬರೆಯುವಾಗ ಮರೆಯಬೇಡಿ.

ಈಗ ‘ಯೋ’. ನೀವು ಮನೆಯಲ್ಲಿ ‘ನಾನು ನಾಳೆ ನಾನು ಹಾವೇರಿಗೆ ಹೋಗ್ತೀನಿ, ನಾನು ಸಂಜೆಗೆ ನಾನು ಬರ್ತೀನಿ’ ಅನ್ನುತ್ತೀರಾ? ‘ನಾಳೆ ಹಾವೇರಿಗೆ ಹೋಗ್ತೀನಿ, ಸಂಜೆಗೆ ಬರ್ತೀನಿ’ ಅಂದರೆ ಮುಗಿಯಿತು. ಯಾರು ಹೋಗುವುದು ಅಂತ ‘ಹೋಗ್ತೀನಿ’ಯಲ್ಲೇ ಇದೆ. ಸ್ಪ್ಯಾನಿಷ್ ಕೂಡ ಹೀಗೇ. ‘ಆಬ್ಲೊ’ ಅಂದರೆ ಮಾತಾಡ್ತೀನಿ, ‘ಆಬ್ಲಾಸ್’ ಮಾತಾಡ್ತೀ, ‘ಆಬ್ಲಾಮೋಸ್’ ಮಾತಾಡ್ತೀವಿ, ‘ಆಬ್ಲಾನ್’ ಮಾತಾಡ್ತಾರೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಬಾಲ ಹೆಚ್ಚುಕಮ್ಮಿ ಇಲ್ಲ. ಅದಕ್ಕೇ ಅವರು ಪ್ರತಿ ಸಲ ‘ಐ’ ‘ಯೂ’ ಹಚ್ಚಲೇಬೇಕು. ನಿಮ್ಮ ಆ್ಯಪ್ ಆ ಅಭ್ಯಾಸವನ್ನು ನಿಮ್ಮ ತಲೆಗೂ ಹಾಕಿದೆ.

ಹಾಗಂತ ‘ಯೋ’ ಬೇಡವೇ ಬೇಡ ಅಂತಲ್ಲ. ಹುಬ್ಬಳ್ಳಿಯ ಯಾವುದಾದರೂ ಖಾನಾವಳಿಯ ಗಲ್ಲೆಯ ಹತ್ತಿರ ಊಟ ಮುಗಿಸಿದ ಇಬ್ಬರು ಗೆಳೆಯರನ್ನು ನೋಡಿ. ಒಬ್ಬ ಜೇಬಿಗೆ ಕೈ ಹಾಕಿದರೆ ಇನ್ನೊಬ್ಬ ಅವನ ಕೈ ಹಿಡಿದು ‘ಏ ಬಿಡೋ, ನಾ ಕೊಡ್ತೀನಿ’ ಅನ್ನುತ್ತಾನೆ. ಆ ‘ನಾ’ ಸುಮ್ನೆ ಬಂದದ್ದಲ್ಲ, ‘ನೀನಲ್ಲ, ನಾನು’ ಅಂತ ಒತ್ತಿ ಹೇಳಲು ಬಂದದ್ದು. ಸ್ಪ್ಯಾನಿಷ್‌ನಲ್ಲಿ ಸುಮ್ನೆ ‘ಪಾಗೊ’ ಅಂದರೆ ಕೊಡ್ತೀನಿ. ಆ ಗಲ್ಲೆಯ ಹತ್ತಿರ ಹೇಳಬೇಕಾದದ್ದು ‘ಯೋ ಪಾಗೊ’. ಕನ್ನಡದಲ್ಲಿ ‘ನಾನು’ ಎಲ್ಲಿ ಬಾಯಿಗೆ ಬರುತ್ತದೋ ಅಲ್ಲಿ ‘ಯೋ’ ಹೇಳಿ, ಎಲ್ಲಿ ಬರುವುದಿಲ್ಲವೋ ಅಲ್ಲಿ ಬಿಡಿ. ಹತ್ತರಲ್ಲಿ ಒಂಬತ್ತು ಕಡೆ ಸರಿಯಾಗುತ್ತದೆ.

ಉಳಿದ ಆ ಒಂದು ಕಡೆ ಇದು. ಕನ್ನಡದಲ್ಲಿ ‘ಮಾತಾಡ್ತಾನೆ’, ‘ಮಾತಾಡ್ತಾಳೆ’ ಬೇರೆ ಬೇರೆ. ಸ್ಪ್ಯಾನಿಷ್‌ನ ‘ಆಬ್ಲಾ’ ಎರಡಕ್ಕೂ ಒಂದೇ, ಸಾಲದ್ದಕ್ಕೆ ‘ಉಸ್ತೆದ್’ಗೂ ಅದೇ. ಅಂವ, ಅಕಿ, ನೀವು ಮೂವರೂ ಒಂದೇ ಬಾಲದಲ್ಲಿ. ಹಾಗಾಗಿ ಇಬ್ಬರ ಬಗ್ಗೆ ಮಾತು ಬಂದಾಗ ಅವನಿಗೆ ‘ಎಲ್’, ಅವಳಿಗೆ ‘ಎಯಾ’ ಒಮ್ಮೆಯಾದರೂ ಹೇಳಬೇಕು. ಇಲ್ಲದಿದ್ದರೆ ಯಾರು ಯಾರಿಗೆ ಏನಂದರು ಅಂತ ತಿಳಿಯುವುದಿಲ್ಲ.

‘ಅದು’ ಅನ್ನುವುದಕ್ಕೆ ಪದ ಹುಡುಕುತ್ತಾ ಕೂರಬೇಡಿ. ಇಂಗ್ಲಿಷಿನವರು ‘ಇಟ್’ ಇಲ್ಲದೆ ಬಾಯಿ ಬಿಡಲಾರರು, ಮಳೆ ಬಂದರೂ ಅವರಿಗೆ ‘ಇಟ್’ ಬೇಕು. ಮೆಣಸಿನಕಾಯಿ ನೋಡಿ ನೀವು ‘ಚಲೋ ಐತಿ’ ಅನ್ನುತ್ತೀರಲ್ಲ, ಅದರಲ್ಲಿ ‘ಅದು’ ಎಲ್ಲಿದೆ? ಸ್ಪ್ಯಾನಿಷ್‌ನಲ್ಲೂ ‘ಎಸ್ ಬುವೇನೊ’, ಅಷ್ಟೇ. ಮಳೆ ಬರುತ್ತಿದ್ದರೆ ‘ಯುವೇಬೆ’, ಒಂದೇ ಪದ.

ಬಹುವಚನದಲ್ಲಿ ನಮ್ಮ ‘ಅವರು’, ‘ನಾವು’ಗಳಿಗೆ ಗಂಡು ಹೆಣ್ಣು ಭೇದ ಇಲ್ಲ. ಅಲ್ಲಿ ಇದೆ. ಬರೀ ಹೆಂಗಸರಿದ್ದರೆ ‘ಎಯಾಸ್’, ‘ನೊಸೋತ್ರಾಸ್’. ಗುಂಪಿನಲ್ಲಿ ಒಬ್ಬ ಗಂಡಸು ಸೇರಿದರೂ ವ್ಯಾಕರಣದ ಪ್ರಕಾರ ‘ಎಯೋಸ್’, ‘ನೊಸೋತ್ರೋಸ್’. ನ್ಯಾಯವೋ ಅನ್ಯಾಯವೋ, ನಿಯಮ ಹಾಗಿದೆ. ಆ್ಯಪ್ ‘ಬೊಸೋತ್ರೋಸ್’ ಅಂತ ಒಂದನ್ನು ಕಲಿಸುತ್ತಿರಬಹುದು. ಸಲಿಗೆಯಿಂದ ಹಲವರನ್ನು ‘ನೀವು’ ಅನ್ನಲು ಸ್ಪೇನ್‌ನಲ್ಲಿ ಅದನ್ನು ಬಳಸುತ್ತಾರೆ. ಮೆಕ್ಸಿಕೋ, ದಕ್ಷಿಣ ಅಮೆರಿಕದಲ್ಲಿ ಎಲ್ಲರಿಗೂ ‘ಉಸ್ತೆದೆಸ್’. ನಿಮಗೆ ಸದ್ಯಕ್ಕೆ ಬೊಸೋತ್ರೋಸ್ ಬೇಕಿಲ್ಲ, ಬಿಡಿ.

ಇನ್ನು ನಿಮ್ಮ ‘ಲಾ ಬೇಓ’. ನನ್ನ ಪ್ರಕಾರ ಇದು ನಿಮ್ಮ ಪ್ರಶ್ನೆಗಳಲ್ಲೇ ಒಳ್ಳೆಯದು.

‘ಲಾ ಮೇಸಾ’ದ ‘ಲಾ’ ಆರ್ಟಿಕಲ್. ‘ಲಾ ಬೇಓ’ದ ‘ಲಾ’ ಸರ್ವನಾಮ, ಅರ್ಥ ‘ಅವಳನ್ನು’ ಅಥವಾ ಸ್ತ್ರೀಲಿಂಗದ ‘ಅದನ್ನು’. ‘ಬೇಓ’ ಅಂದರೆ ನೋಡ್ತೀನಿ. ಎರಡೂ ‘ಲಾ’ಗಳ ರೂಪ ಒಂದೇ ಆಗಿರುವುದು ಕಾಕತಾಳೀಯ ಅಲ್ಲ. ಎರಡೂ ಹುಟ್ಟಿದ್ದು ಲ್ಯಾಟಿನ್‌ನ ಒಂದೇ ಪದದಿಂದ. ಅಲ್ಲಿ ಗಂಡಿಗೆ ‘ಇಲ್ಲೆ’, ಹೆಣ್ಣಿಗೆ ‘ಇಲ್ಲಾ’ ಅನ್ನುತ್ತಿದ್ದರು, ಅರ್ಥ ‘ಆ’. ನಮ್ಮ ‘ಆ’, ‘ಅವನು’, ‘ಅವಳು’, ‘ಅದು’ ಎಲ್ಲವೂ ಒಂದೇ ‘ಅ’ಕಾರದಿಂದ ಬಂದವಲ್ಲ, ಅದೇ ಬಗೆ. ಆ ಲ್ಯಾಟಿನ್ ಪದ ನಾಮಪದದ ಮುಂದೆ ನಿಂತು ಸವೆದು ಸವೆದು ‘ಎಲ್’, ‘ಲಾ’ ಆರ್ಟಿಕಲ್ ಆಯಿತು. ಒಂಟಿಯಾಗಿ ನಿಂತದ್ದು ‘ಅವನು’, ‘ಅವಳು’ ಆಯಿತು. ಕ್ರಿಯಾಪದಕ್ಕೆ ಅಂಟಿಕೊಂಡದ್ದು ‘ಲೊ’, ‘ಲಾ’, ‘ಲೋಸ್’, ‘ಲಾಸ್’ ಆಯಿತು. ಗುರುತಿಸುವುದು ಸುಲಭ. ಮುಂದೆ ನಾಮಪದ ಇದ್ದರೆ ಆರ್ಟಿಕಲ್, ಕ್ರಿಯಾಪದ ಇದ್ದರೆ ‘ಅವಳನ್ನು’, ‘ಅದನ್ನು’.

ಇಲ್ಲಿಂದ ಮುಂದೆ ಕನ್ನಡದವರಿಗೆ ನಿಜಕ್ಕೂ ಹಬ್ಬ. ಇಂಗ್ಲಿಷಿನಲ್ಲಿ ‘ಅದನ್ನು’ ಅನ್ನುವುದು ಕ್ರಿಯಾಪದ ಆದಮೇಲೆ ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಮೊದಲೇ ಬರುತ್ತದೆ. ಅದಕ್ಕೇ ಇಂಗ್ಲಿಷಿನವರಿಗೆ ಪ್ರತಿ ವಾಕ್ಯವನ್ನೂ ತಲೆಯೊಳಗೆ ತಿರುಗಿಸುವ ಕೆಲಸ. ನೀವು ಏನೂ ತಿರುಗಿಸಬೇಕಿಲ್ಲ. ‘ಲೊ ಬೇಓ’: ಅದನ್ನು ನೋಡ್ತೀನಿ. ‘ತೆ ಲೊ ದೋಯ್’: ನಿನಗೆ ಅದನ್ನು ಕೊಡ್ತೀನಿ. ಒಂದೊಂದೇ ಪದ ಇಟ್ಟು ನೋಡಿ. ‘ತೆ’ ನಿನಗೆ, ‘ಲೊ’ ಅದನ್ನು, ‘ದೋಯ್’ ಕೊಡ್ತೀನಿ. ಕ್ರಮ ಕೂಡ ಅದೇ! ‘ಮೆ ಲೊ ದಾಸ್?’ ಅಂದರೆ ನನಗೆ ಅದನ್ನು ಕೊಡ್ತೀಯಾ. ಇಲ್ಲ ಅನ್ನಬೇಕಾದರೆ ಮಾತ್ರ ‘ನೊ’ ಎಲ್ಲಕ್ಕಿಂತ ಮುಂದೆ: ‘ನೊ ತೆ ಲೊ ದೋಯ್’. ನಮ್ಮಲ್ಲಿ ‘ಇಲ್ಲ’ ಕೊನೆಗೆ, ಅಲ್ಲಿ ಮೊದಲಿಗೆ.

ಇನ್ನೊಂದು ಲಾಭ ಇದೆ. ಇಂಗ್ಲಿಷಿನ ‘ಹಿಮ್’ ನಮ್ಮ ‘ಅವನನ್ನು’ ಮತ್ತು ‘ಅವನಿಗೆ’ ಎರಡನ್ನೂ ಹೊರುತ್ತದೆ. ಸ್ಪ್ಯಾನಿಷ್ ಎರಡನ್ನೂ ಬೇರೆ ಇಡುತ್ತದೆ. ‘ಅನ್ನು’ ಬಂದರೆ ‘ಲೊ’ ಅಥವಾ ‘ಲಾ’. ‘ಗೆ’ ಬಂದರೆ ‘ಲೆ’, ಅಲ್ಲಿ ಗಂಡು ಹೆಣ್ಣು ಭೇದ ಇಲ್ಲ. ಶಾಲೆಯಲ್ಲಿ ದ್ವಿತೀಯಾ, ಚತುರ್ಥೀ ಅಂತ ವಿಭಕ್ತಿ ಉರು ಹೊಡೆದದ್ದು ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ಯಾರೂ ಅಂದುಕೊಂಡಿರುವುದಿಲ್ಲ!

ಆದರೆ ಕಣ್ಣು ಮುಚ್ಚಿ ನಂಬಬೇಡಿ. ನಾವು ಆಡುಮಾತಿನಲ್ಲಿ ‘ಅವಗ ಬೈದೆ’, ‘ಅವಗ ಹೊಡದೆ’ ಅನ್ನುವವರು. ‘ಅನ್ನು’ ಬರಬೇಕಾದ ಕಡೆ ‘ಗೆ’ ಹಾಕುತ್ತೇವೆ. ಎರಡು ಕ್ರಿಯಾಪದಗಳು ಎಲ್ಲರಿಗೂ ಕೈ ಕೊಡುತ್ತವೆ. ‘ಅವನಿಗೆ ಫೋನ್ ಮಾಡಿದೆ’ ಅನ್ನಲು ಅಲ್ಲಿ ‘ಲೊ ಯಾಮೇ’, ಅಂದರೆ ‘ಅವನನ್ನು ಕರೆದೆ’. ‘ಅವನನ್ನು ಕೇಳಿದೆ’ ಅನ್ನಲು ‘ಲೆ ಪ್ರೆಗುಂತೇ’, ಅಂದರೆ ‘ಅವನಿಗೆ ಕೇಳಿದೆ’. ನಮ್ಮದಕ್ಕೆ ಸರಿಯಾಗಿ ಉಲ್ಟಾ. ಈ ಎರಡನ್ನು ಬಾಯಿಪಾಠ ಮಾಡಿ. ಸ್ಪೇನ್‌ನಲ್ಲಿ ಗಂಡಸಿನ ವಿಷಯದಲ್ಲಿ ‘ಅವನನ್ನು’ ಅನ್ನುವುದಕ್ಕೂ ‘ಲೆ’ ಬಳಸುವವರಿದ್ದಾರೆ. ಕೇಳಿದರೆ ಗಾಬರಿ ಆಗಬೇಡಿ.

‘ಲೆ’ ಮತ್ತು ‘ಲೊ’ ಅಕ್ಕಪಕ್ಕ ಬಂದರೆ ‘ಲೆ’ ಹೋಗಿ ‘ಸೆ’ ಆಗುತ್ತದೆ. ‘ಅವನಿಗೆ ಅದನ್ನು ಕೊಡ್ತೀನಿ’ ಅನ್ನಲು ‘ಲೆ ಲೊ ದೋಯ್’ ಅನ್ನುವಂತಿಲ್ಲ, ‘ಸೆ ಲೊ ದೋಯ್’. ಕಾರಣ ಕೇಳುತ್ತಾ ಹೋದರೆ ಹಳೇ ಉಚ್ಚಾರದ ಕಥೆ ಬಿಚ್ಚಬೇಕಾಗುತ್ತದೆ, ಸದ್ಯ ಹಾಗೇ ಒಪ್ಪಿಕೊಳ್ಳಿ. ಆಜ್ಞೆ ಮಾಡುವಾಗ ಮತ್ತು ಕ್ರಿಯಾಪದದ ಮೂಲರೂಪದ ಜೊತೆ ಇವು ಹಿಂದಿನಿಂದ ಅಂಟಿಕೊಳ್ಳುತ್ತವೆ. ‘ದಾಮೆಲೊ’ ಅಂದರೆ ನನಗೆ ಅದನ್ನು ಕೊಡು, ‘ಕಿಯೇರೊ ಕೊಂಪ್ರಾರ್ಲೊ’ ಅಂದರೆ ಅದನ್ನು ಕೊಳ್ಳಬೇಕು. ಇದೇ ಮಾತನ್ನು ‘ಲೊ ಕಿಯೇರೊ ಕೊಂಪ್ರಾರ್’ ಅಂದರೂ ನಡೆಯುತ್ತದೆ.

ಆ್ಯಪ್‌ಗಳು ಸರಿಯಾಗಿ ಹೇಳದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ‘ಮನೆ ನೋಡ್ತೀನಿ’ ಅನ್ನಲು ‘ಬೇಓ ಲಾ ಕಾಸಾ’. ‘ಅಮ್ಮನ್ನ ನೋಡ್ತೀನಿ’ ಅನ್ನಲು ‘ಬೇಓ ಅ ಮಿ ಮಾದ್ರೆ’. ಅಮ್ಮನ ಮುಂದೆ ಮಾತ್ರ ಒಂದು ‘ಅ’ ಬಂತು. ಇಂಗ್ಲಿಷಿನವರಿಗೆ ಇದು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಕನ್ನಡದ ವಾಕ್ಯಗಳನ್ನೇ ಮತ್ತೊಮ್ಮೆ ಓದಿ. ‘ಮನೆ’ಗೆ ‘ಅನ್ನು’ ಹಚ್ಚಲಿಲ್ಲ, ‘ಅಮ್ಮ’ನಿಗೆ ಹಚ್ಚಿದಿರಿ. ವಸ್ತುವಾದರೆ ಬಿಡುತ್ತೇವೆ, ಮನುಷ್ಯರಾದರೆ ಬಿಡುವುದಿಲ್ಲ. ‘ಅಮ್ಮ ನೋಡ್ತೀನಿ’ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ಆ ‘ಅ’ ಮಾಡುವುದು ಇದೇ ಕೆಲಸ.

‘ಮೆ ಗುಸ್ತಾ’ದಲ್ಲಿ ‘ನಾನು’ ಎಲ್ಲಿ ಹೋಯಿತು ಅಂದಿರಿ. ‘ನನಗೆ’ ಆಗಿ ಕೂತಿದೆ. ‘ಮೆ’ ಅಂದರೆ ನನಗೆ. ‘ಮೆ ಗುಸ್ತಾ ಎಲ್ ತೆ’ ಅಂದರೆ ನನಗೆ ಚಹಾ ಸೇರುತ್ತದೆ. ‘ಇಷ್ಟ’ಕ್ಕಿಂತ ನಮ್ಮ ಕಡೆಯ ‘ಸೇರು’ ಇಲ್ಲಿ ಇನ್ನೂ ಚೆನ್ನಾಗಿ ಹೊಂದುತ್ತದೆ. ‘ಚಹಾ ಸೇರುತ್ತದೆ’, ‘ಹಣ್ಣುಗಳು ಸೇರುತ್ತವೆ’ ಅನ್ನುತ್ತೇವೆ, ಸೇರುವ ವಸ್ತು ಒಂದೋ ಹಲವೋ ನೋಡಿ ಕ್ರಿಯಾಪದ ಬದಲಾಗುತ್ತದೆ. ಅಲ್ಲೂ ಹಾಗೇ: ‘ಮೆ ಗುಸ್ತಾ ಎಲ್ ಚೀಲೆ’, ‘ಮೆ ಗುಸ್ತಾನ್ ಲೋಸ್ ಚೀಲೆಸ್’. ಮೆಕ್ಸಿಕೋದಲ್ಲಿ ಮೆಣಸಿನಕಾಯಿಗೆ ‘ಚೀಲೆ’ ಅನ್ನುತ್ತಾರೆ. ನಿಮ್ಮ ಅಂಗಡಿಯ ಚೀಲದಲ್ಲಿರುವುದೆಲ್ಲ ಚೀಲೆ! ಮೆಣಸಿನಕಾಯಿಯ ಮೂಲ ಆ ಕಡೆಯದೇ, ‘ಚೀಲೆ’ ಅನ್ನುವುದು ಅಲ್ಲಿನ ನಾವಾತ್ಲ್ ಭಾಷೆಯ ಪದ. ಪೆರುವಿಗೆ ಹೋದರೆ ಅದನ್ನೇ ‘ಅಹೀ’ ಅನ್ನುತ್ತಾರೆ.

ತಲೆನೋವೂ ಹೀಗೇ. ಇಂಗ್ಲಿಷಿನಲ್ಲಿ ತಲೆನೋವು ‘ನನ್ನ ಬಳಿ ಇದೆ’ ಅನ್ನುವ ಲೆಕ್ಕ. ‘ಮೆ ದುವೇಲೆ ಲಾ ಕಬೇಸಾ’ ಅಂದರೆ ನನಗೆ ತಲೆ ನೋಯುತ್ತದೆ. ಒಂದೇ ಒಂದು ವಿಚಿತ್ರ ಏನೆಂದರೆ ಸ್ಪ್ಯಾನಿಷ್ ಎರಡೆರಡು ಸಲ ಹೇಳುತ್ತದೆ. ‘ಅಮ್ಮನಿಗೆ ಸೇರುತ್ತದೆ’ ಅನ್ನಲು ‘ಅ ಮಿ ಮಾದ್ರೆ ಲೆ ಗುಸ್ತಾ’, ಅಂದರೆ ‘ಅಮ್ಮನಿಗೆ ಅವಳಿಗೆ ಸೇರುತ್ತದೆ’. ಆ ‘ಲೆ’ ಬಿಟ್ಟರೆ ತಪ್ಪು.

ನೀವು ಕೇಳಿಲ್ಲ, ಆದರೆ ಮುಂದಿನ ಪಾಠದಲ್ಲಿ ಬಂದೇ ಬರುತ್ತದೆ: ‘ಸೆ’ ಬಾಲದ ಕ್ರಿಯಾಪದಗಳು. ‘ಲಾವಾರ್’ ಅಂದರೆ ತೊಳೆ, ‘ಲಾವಾರ್ಸೆ’ ಅಂದರೆ ತೊಳೆದುಕೊ. (ಬರೆದದ್ದು ಹಾಗೆ, ಹೇಳುವುದು ‘ಲಾಬಾರ್’.) ‘ಪೊನೇರ್’ ಹಾಕು, ‘ಪೊನೇರ್ಸೆ’ ಹಾಕಿಕೊ. ‘ಪೆಯಿನಾರ್’ ಬಾಚು, ‘ಪೆಯಿನಾರ್ಸೆ’ ಬಾಚಿಕೊ. ಅಂದರೆ ನಮ್ಮ ‘ಕೊಳ್ಳು’! ಇಂಗ್ಲಿಷಿನವರಿಗೆ ಇದನ್ನು ‘ತನ್ನನ್ನು ತಾನೇ’ ಅಂತ ಸುತ್ತಿ ಬಳಸಿ ಕಲಿಸುತ್ತಾರೆ. ನಿಮಗೆ ‘ಕೊಳ್ಳು’ ಅಂದರೆ ಸಾಕು. ಮಗುವಿನ ತಲೆ ಬಾಚುವುದಕ್ಕೂ ತಲೆ ಬಾಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಹುಟ್ಟಿನಿಂದಲೇ ಗೊತ್ತು. ‘ಮೆ ಲಾಬೊ ಲಾಸ್ ಮಾನೋಸ್’ ಅಂದರೆ ಕೈ ತೊಳೆದುಕೊಳ್ತೀನಿ. ಇಂಗ್ಲಿಷಿನಲ್ಲಾದರೆ ‘ನನ್ನ ಕೈಗಳನ್ನು’ ಅನ್ನಲೇಬೇಕು. ನಾವು ‘ನನ್ನ ಕೈ ತೊಳೆದುಕೊಳ್ತೀನಿ’ ಅನ್ನುವುದಿಲ್ಲ, ಅವರೂ ಅನ್ನುವುದಿಲ್ಲ. ‘ಕೊಳ್ಳು’ ಇದ್ದಮೇಲೆ ಕೈ ಯಾರದ್ದು ಅಂತ ಬೇರೆ ಹೇಳಬೇಕೇ? ಎಲ್ಲ ಕ್ರಿಯಾಪದವೂ ಹೀಗೆ ಹೊಂದುವುದಿಲ್ಲ. ‘ಮೆ ಯಾಮೊ’, ಅಂದರೆ ನನ್ನ ಹೆಸರು ಇಂಥದ್ದು ಅನ್ನುವುದನ್ನು ಹಾಗೇ ಕಲಿಯಿರಿ.

ಸರಿ, ಈಗ ಮೇಜು ಮತ್ತು ಪುಸ್ತಕ.

ಕನ್ನಡದಲ್ಲಿ ಗಂಡಸು ಗಂಡು, ಹೆಂಗಸು ಹೆಣ್ಣು, ಮೇಜು ‘ಅದು’. ಸ್ಪ್ಯಾನಿಷ್‌ನಲ್ಲಿ ‘ಅದು’ ಅನ್ನುವ ಡಬ್ಬಿಯೇ ಇಲ್ಲ. ಪ್ರತಿ ನಾಮಪದವೂ ಎರಡರಲ್ಲಿ ಒಂದಕ್ಕೆ ಹೋಗಲೇಬೇಕು. ಮೇಜಿನಲ್ಲಿ ಹೆಣ್ತನ ಹುಡುಕಬೇಡಿ, ಇರುವುದಿಲ್ಲ. ಇದು ಪದದ ಗುಣ, ವಸ್ತುವಿನದ್ದಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ ಹಿಂದಿ, ಮರಾಠಿ ಬಲ್ಲವರು ಬಹಳ ಮಂದಿ ಇದ್ದಾರೆ, ಅವರಿಗೆ ಇದರ ಅಂದಾಜು ಇರುತ್ತದೆ. ಆದರೆ ಒಂದು ಭಾಷೆಯ ಲಿಂಗ ಇನ್ನೊಂದಕ್ಕೆ ಒಯ್ಯಬೇಡಿ. ಹಿಂದಿಯ ‘ಕಿತಾಬ್’ ಸ್ತ್ರೀಲಿಂಗ, ಮರಾಠಿಯ ‘ಪುಸ್ತಕ’ ನಪುಂಸಕ, ಸ್ಪ್ಯಾನಿಷ್‌ನ ‘ಲಿಬ್ರೊ’ ಪುಲ್ಲಿಂಗ. ಪುಸ್ತಕ ಒಂದೇ!

ಹೀಗಾಗಿ ‘ಮೇಸಾ’ ಅಂತ ಬರೆದುಕೊಳ್ಳಬೇಡಿ, ‘ಲಾ ಮೇಸಾ’ ಅಂತಲೇ ಬರೆದುಕೊಳ್ಳಿ. ನೋಟುಬುಕ್ಕಿನಲ್ಲಿ ಆರ್ಟಿಕಲ್ ಇಲ್ಲದ ನಾಮಪದ ಒಂದೂ ಇರಬಾರದು. ಆರ್ಟಿಕಲ್ ಆಮೇಲೆ ಕಲಿಯುತ್ತೇನೆ ಅನ್ನುವವರು ಎಲ್ಲ ಪದಗಳನ್ನೂ ಎರಡು ಸಲ ಕಲಿಯಬೇಕಾಗುತ್ತದೆ.

ಅಂದಾಜಿಗೆ ಪದದ ಕೊನೆ ನೋಡಿ. ‘ಒ’ ಬಂದರೆ ಹೆಚ್ಚಾಗಿ ಪುಲ್ಲಿಂಗ, ‘ಆ’ ಬಂದರೆ ಸ್ತ್ರೀಲಿಂಗ. ‘ಸಿಯೋನ್’, ‘ದಾದ್’ ಕೊನೆಗಳು ಸ್ತ್ರೀಲಿಂಗ: ‘ಲಾ ಎಸ್ತಾಸಿಯೋನ್’ ಸ್ಟೇಷನ್, ‘ಲಾ ಸಿಯುದಾದ್’ ಪಟ್ಟಣ. ‘ಆಹೆ’ ಕೊನೆ ಪುಲ್ಲಿಂಗ: ‘ಎಲ್ ಬಿಯಾಹೆ’ ಪ್ರಯಾಣ. ‘ಲಾ ಮಾನೊ’, ಅಂದರೆ ಕೈ, ‘ಒ’ ಇದ್ದರೂ ಸ್ತ್ರೀಲಿಂಗ. ‘ಲಾ ಫೋತೊ’, ‘ಲಾ ಮೋತೊ’ ಕೂಡ, ಯಾಕೆಂದರೆ ಅವು ‘ಫೋತೊಗ್ರಾಫೀಆ’, ‘ಮೋತೊಸಿಕ್ಲೇತಾ’ಗಳನ್ನು ತುಂಡರಿಸಿದ ಪದಗಳು. ಇದರ ಉಲ್ಟಾ, ‘ಎಲ್ ಪ್ರೊಬ್ಲೇಮಾ’, ‘ಎಲ್ ಸಿಸ್ತೇಮಾ’, ‘ಎಲ್ ಇದಿಯೋಮಾ’, ‘ಎಲ್ ಕ್ಲೀಮಾ’. ಗ್ರೀಕ್‌ನಿಂದ ಬಂದ ಈ ‘ಮಾ’ ಕೊನೆಯ ಪದಗಳು ಪುಲ್ಲಿಂಗ. ‘ಎಲ್ ದೀಆ’, ದಿನ, ಅದೂ ಪುಲ್ಲಿಂಗ.

‘ಎಲ್ ಆಗ್ವಾ’ ಅಂದರೆ ನೀರು ಅಂತ ಕಲಿತಾಗ ನೀರು ಪುಲ್ಲಿಂಗ ಅಂದುಕೊಂಡಿರುತ್ತೀರಿ. ಅಲ್ಲ, ಸ್ತ್ರೀಲಿಂಗವೇ. ತಣ್ಣೀರು ‘ಎಲ್ ಆಗ್ವಾ ಫ್ರೀಆ’, ವಿಶೇಷಣ ಸ್ತ್ರೀಲಿಂಗದಲ್ಲೇ ಇದೆ. ಬಹುವಚನ ‘ಲಾಸ್ ಆಗ್ವಾಸ್’. ಪದದ ಮೊದಲ ‘ಆ’ ಮೇಲೆ ಒತ್ತು ಬಿದ್ದರೆ ಏಕವಚನದಲ್ಲಿ ‘ಲಾ’ ಬದಲು ‘ಎಲ್’ ಬರುತ್ತದೆ. ಹಸಿವಿಗೆ ‘ಎಲ್ ಆಂಬ್ರೆ’, ಅದೂ ಹೀಗೇ. ಗೆಳತಿ ‘ಲಾ ಅಮೀಗಾ’ ಮಾತ್ರ ‘ಲಾ’ ಆಗಿಯೇ ಉಳಿಯುತ್ತಾಳೆ, ಒತ್ತು ‘ಮೀ’ ಮೇಲಿದೆಯಲ್ಲ.

ಹೊರಗಿನಿಂದ ಬಂದ ಪದಗಳಿಗೆ ಹೆಚ್ಚಾಗಿ ‘ಎಲ್’ ಹಚ್ಚುತ್ತಾರೆ. ‘ಎಲ್ ಯೋಗಾ’, ‘ಎಲ್ ಸಾರಿ’. ಗಿರಾಕಿಗೆ ಧಾರವಾಡ ಪೇಡೆ ಕಳಿಸುವ ಆಸೆ ಇದ್ದರೆ ಒಂದು ಎಚ್ಚರ: ಮೆಕ್ಸಿಕೋದ ಬೀದಿ ಮಾತಿನಲ್ಲಿ ‘ಲಾ ಪೇದಾ’ ಅಂದರೆ ಕುಡಿದು ತೂರಾಡುವ ಪಾರ್ಟಿ. ಡಬ್ಬಿಯ ಮೇಲೆ ‘ಹಾಲಿನ ಸಿಹಿ’ ಅಂತ ಒಂದು ಸಾಲು ಬರೆಯಿರಿ, ಬೇಕಿದ್ದರೆ ಆಮೇಲೆ ನಗಿಸಿ.

‘ಉನ್’, ‘ಉನಾ’ ನಿಮಗೆ ಕಷ್ಟ ಆಗಬಾರದು. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ...’ ಅಂತ ಅಜ್ಜಿ ಕಥೆ ಹೇಳುವಾಗ ‘ಒಬ್ಬ ರಾಜ’ ‘ಉನ್ ರೇಯ್’, ‘ಆ ರಾಜ’ ‘ಎಲ್ ರೇಯ್’. ಹೊಸಬ ಬಂದರೆ ‘ಉನ್’, ಗೊತ್ತಿದ್ದವ ಬಂದರೆ ‘ಎಲ್’. ಒಬ್ಬ, ಒಬ್ಬಳು ಅಂತ ಲಿಂಗ ನೋಡಿ ಬದಲಿಸುವುದೂ ನಮಗೆ ಹೊಸದಲ್ಲ. ಅದರ ಬಹುವಚನ ‘ಉನೋಸ್’, ‘ಉನಾಸ್’, ಅರ್ಥ ‘ಕೆಲವು’. ಅಂಕಿಯ ಮುಂದೆ ಬಂದರೆ ‘ಸುಮಾರು’. ‘ಉನಾಸ್ ಬೇಯಿಂತೆ ಪೆರ್ಸೋನಾಸ್’ ಅಂದರೆ ‘ಒಂದಿಪ್ಪತ್ತು ಮಂದಿ’. ಮದುವೆಗೆ ‘ಒಂದ್ ಐನೂರು ಮಂದಿ ಬಂದಿದ್ರು’ ಅನ್ನುತ್ತೀರಲ್ಲ, ಆ ‘ಒಂದು’ ಇದೇ.

ಆರ್ಟಿಕಲ್ ಎಲ್ಲಿ ಬೇಡ ಅನ್ನುವುದರಲ್ಲಿ ಇಂಗ್ಲಿಷ್ ಮತ್ತೆ ದಾರಿ ತಪ್ಪಿಸುತ್ತದೆ. ‘ನಾನು ಟೀಚರ್’ ಅನ್ನಲು ‘ಸೋಯ್ ಪ್ರೊಫೆಸೋರಾ’, ನಡುವೆ ‘ಉನಾ’ ಇಲ್ಲ. ಕನ್ನಡದಲ್ಲೂ ‘ನಾನು ಒಬ್ಬ ಟೀಚರ್’ ಅನ್ನುವುದು ಭಾಷಣದಲ್ಲಿ ಮಾತ್ರ. ವಿಶೇಷಣ ಬಂದರೆ ಹಾಕಬಹುದು: ‘ಎಸ್ ಉನ್ ಬುವೇನ್ ಮೇದಿಕೊ’, ಅಂವ ಒಬ್ಬ ಒಳ್ಳೆ ಡಾಕ್ಟರ್. ‘ಇನ್ನೊಂದು ಕಾಫಿ’ಗೆ ‘ಓತ್ರೊ ಕಾಫೇ’, ಅದಕ್ಕೂ ‘ಉನ್’ ಹಚ್ಚಬೇಡಿ.

ಬೇಕಾದ ಕಡೆಗಳಲ್ಲಿ ಮಾತ್ರ ಕನ್ನಡ, ಇಂಗ್ಲಿಷ್ ಎರಡೂ ಸುಮ್ಮನಿರುತ್ತವೆ. ಒಂದು ಜಾತಿಯ ವಸ್ತುಗಳ ಬಗ್ಗೆ ಸಾಮಾನ್ಯವಾಗಿ ಹೇಳುವಾಗ ಆರ್ಟಿಕಲ್ ಬೇಕು: ‘ಲೋಸ್ ಚೀಲೆಸ್ ಸೋನ್ ರೋಹೋಸ್’, ಮೆಣಸಿನಕಾಯಿ ಕೆಂಪಗಿರುತ್ತವೆ. ವಾರಗಳಿಗೂ ಬೇಕು. ‘ಎಲ್ ಲೂನೆಸ್’ ಅಂದರೆ ಈ ಸೋಮವಾರ, ‘ಲೋಸ್ ಲೂನೆಸ್’ ಅಂದರೆ ಪ್ರತಿ ಸೋಮವಾರ. ನಿಮ್ಮ ಬ್ಯಾಡಗಿ ಮಾರ್ಕೆಟ್ಟಿನ ಬಗ್ಗೆ ಹೇಳಬೇಕೆಂದರೆ ‘ಲೋಸ್ ಲೂನೆಸ್ ಬೋಯ್ ಅಲ್ ಮೆರ್ಕಾದೊ’, ಸೋಮವಾರ ಸೋಮವಾರ ಮಾರ್ಕೆಟ್ಟಿಗೆ ಹೋಗ್ತೀನಿ. ಅದರಲ್ಲಿ ‘ಅ’ ಮತ್ತು ‘ಎಲ್’ ಸೇರಿ ‘ಅಲ್’ ಆಗಿದೆ. ‘ದೆ’ ಮತ್ತು ‘ಎಲ್’ ಸೇರಿದರೆ ‘ದೆಲ್’. ಬರವಣಿಗೆಯಲ್ಲಿ ಈ ಎರಡೇ ಸಂಧಿ, ಕನ್ನಡ ಸಂಧಿಗಳ ಪಟ್ಟಿ ನೆನಪಿಸಿಕೊಂಡರೆ ಇದು ಏನೂ ಅಲ್ಲ. ‘ಅವನು’ ಅನ್ನುವ ಗೀಟಿನ ‘ಎಲ್’ ಜೊತೆ ಸಂಧಿ ಆಗುವುದಿಲ್ಲ.

‘ಲೊ’ಗೆ ಇನ್ನೊಂದು ಕೆಲಸ ಇದೆ. ವಿಶೇಷಣದ ಮುಂದೆ ಬಂದರೆ ನಮ್ಮ ‘ದು’ ಆಗುತ್ತದೆ. ‘ಲೊ ಬುವೇನೊ’ ಒಳ್ಳೇದು, ‘ಲೊ ಮಾಲೊ’ ಕೆಟ್ಟದ್ದು. ನಿರ್ದಿಷ್ಟ ವಸ್ತುವಾದರೆ ಅದರ ಲಿಂಗದ ಆರ್ಟಿಕಲ್: ‘ಎಲ್ ರೋಹೊ’, ಅಂದರೆ ಕೆಂಪಂದು.

ಕೊನೆಗೆ ನಿಮ್ಮ ಗಿರಾಕಿ. ‘ತು’ ನೀನು, ‘ಉಸ್ತೆದ್’ ನೀವು. ಇಂಗ್ಲಿಷಿನವರಿಗೆ ಇದಕ್ಕೊಂದು ಅಧ್ಯಾಯವೇ ಬೇಕು. ‘ಏನೋ’ ಎಲ್ಲಿ, ‘ಏನ್ರೀ’ ಎಲ್ಲಿ ಅಂತ ಗೊತ್ತಿರುವ ನಿಮಗೆ ಬೇಡ. ವಿಚಿತ್ರ ಇರುವುದು ಕ್ರಿಯಾಪದದಲ್ಲಿ. ‘ಉಸ್ತೆದ್’ ಜೊತೆ ‘ಅವನು’, ‘ಅವಳು’ಗಳ ಕ್ರಿಯಾಪದ ಬರುತ್ತದೆ. ಅದು ಹಿಂದೆ ‘ಬುವೇಸ್ತ್ರಾ ಮೆರ್ಸೇದ್’ ಆಗಿತ್ತು, ‘ತಮ್ಮ ದಯೆ’ ಅನ್ನುವ ಅರ್ಥದ ಗೌರವದ ಮಾತು. ಎದುರಿಗಿದ್ದವರನ್ನು ನೇರವಾಗಿ ಕರೆಯದೆ, ಅವರ ದಯೆ ಏನನ್ನುತ್ತದೆ ಅಂತ ಕೇಳುವ ರೀತಿ. ನಮ್ಮ ಕಚೇರಿಗಳಲ್ಲಿ ಸಿಪಾಯಿ ಎದುರಿಗೇ ಕೂತ ಸಾಹೇಬರಿಗೆ ‘ಸಾಹೇಬ್ರು ಚಾ ತಗೋತಾರೇನ್ರಿ?’ ಅನ್ನುತ್ತಾನಲ್ಲ, ಹಾಗೆ. ಅರ್ಜೆಂಟೀನಾ, ಉರುಗ್ವೆ, ಮಧ್ಯ ಅಮೆರಿಕದ ಹಲವು ಕಡೆ ‘ತು’ ಬದಲು ‘ಬೋಸ್’ ಕೇಳುತ್ತೀರಿ. ಕೊಲಂಬಿಯಾದ ಬೊಗೊತಾ ಕಡೆ ಮನೆಯವರ ನಡುವೆಯೇ ‘ಉಸ್ತೆದ್’ ನಡೆಯುತ್ತದೆ. ನಮ್ಮಲ್ಲೂ ಚಿಕ್ಕ ಮಕ್ಕಳಿಗೆ ‘ಬರ್ರಿ, ಕೂಡ್ರಿ’ ಅನ್ನುವ ಮನೆಗಳಿವೆಯಲ್ಲ.

ನಿಮ್ಮ ಗಿರಾಕಿಗೆ ‘ಉಸ್ತೆದ್’ನಿಂದಲೇ ಶುರು ಮಾಡಿ. ಅವರು ‘ಪೊದೇಮೋಸ್ ತುತೆಯಾರ್ನೋಸ್’ ಅಂದರೆ, ಅಂದರೆ ‘ನಾವು ನೀನು–ನಾನು ಅಂತ ಮಾತಾಡಬಹುದು’ ಅಂದರೆ, ಆಗ ‘ತು’ಗೆ ಇಳಿಯಿರಿ. ಅಲ್ಲಿಯವರೆಗೆ ಅವರೇ ‘ತು’ ಅಂದರೂ ನೀವು ನಾಲ್ಕು ದಿನ ತಡೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ.

ಅವರಿಗೆ ಮೇಲ್ ಬರೆಯುವಾಗ ಮೊದಲ ಸಾಲು ‘ಎಸ್ತಿಮಾದೊ ಸೆನ್ಯೋರ್’ ಮತ್ತು ಅವರ ಅಡ್ಡಹೆಸರು (ಸರ್‌ನೇಮ್). ನೇರವಾಗಿ ಕರೆಯುವಾಗ ‘ಸೆನ್ಯೋರ್’ಗೆ ‘ಎಲ್’ ಹಚ್ಚಬೇಡಿ, ಅವರ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ ಹಚ್ಚಿ. ಮುಂದಿನ ಸಾಲು ‘ಲೆ ಎಂಬೀಓ ಲಾ ಮುವೇಸ್ತ್ರಾ’, ನಿಮಗೆ ಸ್ಯಾಂಪಲ್ ಕಳಿಸ್ತಿದ್ದೀನಿ. ‘ಉಸ್ತೆದ್’ನ ‘ನಿಮಗೆ’ ಕೂಡ ‘ಲೆ’ಯೇ. ಇನ್ನೂ ಕಳಿಸಿಲ್ಲ, ಅವರು ಸ್ಯಾಂಪಲ್ ಎಲ್ಲಿ ಅಂತ ಕೇಳಿದರು ಅನ್ನಿ. ಆಗ ‘ಸೆ ಲಾ ಎಂಬೀಓ ಮನ್ಯಾನಾ’, ನಿಮಗೆ ಅದನ್ನು ನಾಳೆ ಕಳಿಸ್ತೀನಿ. ‘ಮುವೇಸ್ತ್ರಾ’ ಸ್ತ್ರೀಲಿಂಗ, ಅದಕ್ಕೆ ‘ಲೊ’ ಬದಲು ‘ಲಾ’. ‘ಲೆ’ ಮತ್ತು ‘ಲಾ’ ಅಕ್ಕಪಕ್ಕ ಬಂದವು, ಅದಕ್ಕೆ ‘ಲೆ’ ಹೋಗಿ ‘ಸೆ’. ‘ಯೋ’ ಎಲ್ಲೂ ಬೇಕಾಗಲಿಲ್ಲ ನೋಡಿ. ಮಾಲು ಅಣ್ಣ ಕಳಿಸೋದಲ್ಲ, ನಾನೇ ಕಳಿಸ್ತೀನಿ ಅನ್ನಬೇಕಾದರೆ ಮಾತ್ರ ಮುಂದೆ ‘ಯೋ’ ಇಡಿ.